35 ಫೆಮ್ಟೊಸೆಕೆಂಡ್ ಬಂತು ಅನ್ನುವ ಮುಂಚೆ: ಲೇಸರ್ ಪಲ್ಸನ್ನು ಫ್ರಾಗ್‌ನಲ್ಲಿ ಅಳೆಯುವುದು ಹೇಗೆ

ಲ್ಯಾಬಿಗೆ ಹೊಸದಾಗಿ ಸೇರಿದ ಹುಡುಗರು ಆಟೊಕೋರಿಲೇಟರ್ (ಪಲ್ಸನ್ನು ಅದರದೇ ಪ್ರತಿಯ ಜೊತೆ ಸೇರಿಸಿ ಅಗಲ ಅಂದಾಜಿಸುವ ಉಪಕರಣ) ನೋಡಿ "ಮೇಡಂ, 35 ಬಂತು" ಅಂತ ಖುಷಿಯಲ್ಲಿ ಬರುತ್ತಾರೆ. ನಾನು ಕೇಳುವುದು ಒಂದೇ: "ಪಲ್ಸ್ ಯಾವ ಆಕಾರ ಅಂತ ಹಿಡ್ಕೊಂಡ್ರಿ?" ಆಟೊಕೋರಿಲೇಶನ್‌ನ ಅಗಲ 54 ಫೆಮ್ಟೊಸೆಕೆಂಡ್ ಅಂತ ಇಟ್ಟುಕೊಳ್ಳಿ (ಒಂದು ಫೆಮ್ಟೊಸೆಕೆಂಡ್ ಅಂದರೆ ಸೆಕೆಂಡಿನ ಹತ್ತು ಕೋಟಿ ಕೋಟಿ ಭಾಗಗಳಲ್ಲಿ ಒಂದು). ಪಲ್ಸ್ ಗಾಸಿಯನ್ ಅನ್ನುವ ಗಂಟೆಯ ಆಕಾರ ಅಂದುಕೊಂಡು 1.414ರಿಂದ ಭಾಗಿಸಿದರೆ 38 ಬರುತ್ತದೆ. ಸೆಚ್ ಸ್ಕ್ವೇರ್ ಅನ್ನುವ ಇನ್ನೊಂದು ಆಕಾರ ಅಂದುಕೊಂಡು 1.543ರಿಂದ ಭಾಗಿಸಿದರೆ 35. ಅಳೆದದ್ದು ಒಂದೇ, ಉತ್ತರ ಎರಡು. ಆ ಮೂರು ಫೆಮ್ಟೊಸೆಕೆಂಡ್ ಕಮ್ಮಿ ಆಗಿದ್ದು ಲೇಸರ್‌ನಿಂದ ಅಲ್ಲ, ಕ್ಯಾಲ್ಕುಲೇಟರ್‌ನಿಂದ. ಯಾರಿಗೆ ಯಾವ ಸಂಖ್ಯೆ ಇಷ್ಟವೋ ಅವರು ಆ ಆಕಾರ ಹಿಡಿಯುತ್ತಾರೆ, ಅಷ್ಟೇ.

ಆಕಾರವನ್ನು ಊಹಿಸದೆ ಪಲ್ಸಿನ ತೀವ್ರತೆ ಮತ್ತು ಫೇಸ್ ಎರಡನ್ನೂ ತೆಗೆಯುವ ದಾರಿಗಳಲ್ಲಿ ನಾನು ಹೆಚ್ಚು ನಂಬುವುದು ಫ್ರಾಗ್ (ಫ್ರೀಕ್ವೆನ್ಸಿ ರಿಸಾಲ್ವ್ಡ್ ಆಪ್ಟಿಕಲ್ ಗೇಟಿಂಗ್). 1990ರ ದಶಕದ ಮೊದಲ ವರ್ಷಗಳಲ್ಲಿ ಡೇನಿಯಲ್ ಕೇನ್ ಮತ್ತು ರಿಕ್ ಟ್ರೆಬಿನೊ ಅಮೆರಿಕದ ಲಿವರ್‌ಮೋರ್‌ನಲ್ಲಿರುವ ಸ್ಯಾಂಡಿಯಾ ಪ್ರಯೋಗಾಲಯದಲ್ಲಿ ಇದನ್ನು ರೂಪಿಸಿದರು. ಅದರಲ್ಲಿ ಹಲವು ಬಗೆಗಳಿವೆ. ಇಲ್ಲಿ ನಾನು ಹೇಳುವುದು ಎಸ್‌ಎಚ್‌ಜಿ ಫ್ರಾಗ್ ಬಗ್ಗೆ, ಅಂದರೆ ಎರಡನೇ ಹಾರ್ಮೋನಿಕ್ (ಎರಡು ಪಟ್ಟು ಆವೃತ್ತಿಯ ಬೆಳಕು) ಬಳಸುವ ಬಗೆ. ಲೇಸರ್ ಯಾವುದು ಅಂದರೆ ಬಹಳಷ್ಟು ಲ್ಯಾಬ್‌ಗಳಲ್ಲಿ ಇರುವಂಥದ್ದೇ: 800 ನ್ಯಾನೋಮೀಟರ್‌ನ ಟೈಟೇನಿಯಮ್ ಸಫೈರ್ ಆಂಪ್ಲಿಫೈಯರ್, ಸೆಕೆಂಡಿಗೆ 1000 ಪಲ್ಸ್, ಕಂಪನಿ ಹೇಳುವ ಅಗಲ 35 ಫೆಮ್ಟೊಸೆಕೆಂಡ್.

ಮೊದಲೇ ಒಂದು ಮಾತು. ಸೆಟಪ್ ಕಟ್ಟುವುದು ಈ ಕೆಲಸದಲ್ಲಿ ಸುಲಭದ ಭಾಗ. ಬಂದ ಉತ್ತರ ಸರಿಯೋ ಅಲ್ಲವೋ ಅಂತ ನೋಡುವುದೇ ನಿಜವಾದ ಅಳತೆ. ಅದಕ್ಕೇ ಈ ಬರಹದ ಒಂದು ದೊಡ್ಡ ಭಾಗ ಪರೀಕ್ಷೆಗಳ ಬಗ್ಗೆ ಇದೆ. ಅದನ್ನು ಬಿಟ್ಟು ಮುಂದೆ ಹೋಗಬೇಡಿ.

ಯಾಕೆ ಇಷ್ಟು ಒದ್ದಾಟ

ಒಂದು ಫೆಮ್ಟೊಸೆಕೆಂಡಿನಲ್ಲಿ ಬೆಳಕು ಹೋಗುವ ದೂರ 0.3 ಮೈಕ್ರಾನ್. 35 ಫೆಮ್ಟೊಸೆಕೆಂಡಿನ ಪಲ್ಸಿನ ಉದ್ದ ಸುಮಾರು 10 ಮೈಕ್ರಾನ್. ಒಳ್ಳೆಯ ಫಾಸ್ಟ್ ಫೋಟೊಡಯೋಡ್ ಕೂಡ ಹತ್ತಾರು ಪಿಕೋಸೆಕೆಂಡ್ ಹೊತ್ತಿನದನ್ನು ಮಾತ್ರ ಬೇರೆಬೇರೆಯಾಗಿ ತೋರಿಸಬಲ್ಲದು. ಪಲ್ಸಿಗಿಂತ ಚಿಕ್ಕ ಅಳತೆಗೋಲು ನಮ್ಮ ಹತ್ತಿರ ಇಲ್ಲ. ಹಾಗಾಗಿ ಪಲ್ಸನ್ನು ಅದರದೇ ಇನ್ನೊಂದು ಪ್ರತಿಯಿಂದ ಅಳೆಯಬೇಕು.

"ಸ್ಪೆಕ್ಟ್ರಮ್ ಇದೆಯಲ್ಲ, ಸಾಲದಾ?" ಅಂತ ಕೇಳುವವರಿದ್ದಾರೆ. ಸ್ಪೆಕ್ಟ್ರಮ್ ಅನ್ನುವುದು ಶಾಲೆಯ ಹಾಜರಿ ಪುಸ್ತಕ ಇದ್ದಂತೆ. ಇವತ್ತು ಯಾರ್ಯಾರು ಬಂದಿದ್ದರು ಅಂತ ಗೊತ್ತಾಗುತ್ತದೆ, ಯಾರು ಎಷ್ಟು ಹೊತ್ತಿಗೆ ಒಳಗೆ ಬಂದರು ಅಂತ ಗೊತ್ತಾಗುವುದಿಲ್ಲ. ಆ ಹೊತ್ತಿನ ಲೆಕ್ಕವೇ ಫೇಸ್. ಎಲ್ಲ ಬಣ್ಣಗಳೂ ಒಟ್ಟಿಗೆ ಬಂದರೆ ಪಲ್ಸ್ ಆ ಸ್ಪೆಕ್ಟ್ರಮ್‌ಗೆ ಸಾಧ್ಯವಿರುವಷ್ಟು ಚಿಕ್ಕದು. ಕೆಂಪು ಮೊದಲು, ನೀಲಿ ಆಮೇಲೆ ಬಂದರೆ ಅದು ಪಾಸಿಟಿವ್ ಚಿರ್ಪ್, ಪಲ್ಸ್ ಉದ್ದ ಆಗಿರುತ್ತದೆ. ಗಾಜಿನಲ್ಲಿ ಹಾದುಬಂದ ಪಲ್ಸಿಗೆ ಆಗುವುದು ಇದೇ.

ಫ್ರಾಗ್ ಮಾಡುವುದು ಇಷ್ಟು. ಪಲ್ಸನ್ನು ಎರಡು ಮಾಡಿ, ಒಂದನ್ನು ತಡಮಾಡಿ, ಎರಡನ್ನೂ ಒಂದು ಹರಳಿನಲ್ಲಿ ಸೇರಿಸುತ್ತೇವೆ. ಎರಡೂ ಒಂದರ ಮೇಲೊಂದು ಬಿದ್ದ ಹೊತ್ತಿನಲ್ಲಿ ಮಾತ್ರ ಅವೆರಡೂ ಬೆರೆತ 400 ನ್ಯಾನೋಮೀಟರ್‌ನ ಬೆಳಕು ಹುಟ್ಟುತ್ತದೆ. ಆಟೊಕೋರಿಲೇಟರ್ ಆ ಬೆಳಕು ಒಟ್ಟು ಎಷ್ಟು ಅಂತ ನೋಡುತ್ತದೆ. ಫ್ರಾಗ್ ಪ್ರತಿ ತಡಕ್ಕೂ ಅದರ ಸ್ಪೆಕ್ಟ್ರಮ್ ತೆಗೆಯುತ್ತದೆ. ಒಂದು ಕಡೆ ತಡ, ಇನ್ನೊಂದು ಕಡೆ ಆವೃತ್ತಿ ಇರುವ ಚಿತ್ರ ಸಿಗುತ್ತದೆ. ಅದಕ್ಕೆ ಟ್ರೇಸ್ ಅನ್ನುತ್ತೇವೆ. ಬರೀ ಒಂದು ಗೆರೆಯ ದತ್ತಾಂಶದಿಂದ ಕಳೆದುಹೋದ ಫೇಸನ್ನು ವಾಪಸ್ ಪಡೆಯಲು ಆಗುವುದಿಲ್ಲ, ಉತ್ತರಗಳು ಲೆಕ್ಕವಿಲ್ಲದಷ್ಟು ಇರುತ್ತವೆ. ಚಿತ್ರದಂತೆ ಎರಡು ಆಯಾಮ ಇದ್ದರೆ ಕೆಲವು ಸಣ್ಣ ಗೊಂದಲಗಳನ್ನು ಬಿಟ್ಟು ಉತ್ತರ ಒಂದೇ. ಇಮೇಜ್ ಪ್ರೊಸೆಸಿಂಗ್‌ನವರಿಗೆ ಇದು ಮೊದಲೇ ಗೊತ್ತಿತ್ತು. ಫ್ರಾಗ್ ಮಾಡಿದವರು ಅದನ್ನು ಪಲ್ಸಿಗೆ ತಂದರು.

ಮೇಜಿನ ಮೇಲೆ ಇಡುವ ಮುಂಚೆ

ಲೇಸರ್ ತಡೆಯುವ ಕನ್ನಡಕ ಹಾಕಿ. 800 ನ್ಯಾನೋಮೀಟರ್ ಕಣ್ಣಿಗೆ ಮಂಕಾದ ಕೆಂಪಾಗಿ ಕಾಣುತ್ತದೆ, ಅದಕ್ಕೇ ಅದು ಮೋಸ. ಕಂಡಿದ್ದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಬೆಳಕು ಅಲ್ಲಿರುತ್ತದೆ. ವಾಚು, ಬಳೆ, ಉಂಗುರ ತೆಗೆದಿಡಿ. ಕನ್ನಡಕ 800 ಮತ್ತು 400 ಎರಡನ್ನೂ ತಡೆಯುವಂಥದ್ದಿರಲಿ. ಹಾಗೆ ಮಾಡಿದರೆ ನೀಲಿ ಚುಕ್ಕೆ ಕಾಣುವುದಿಲ್ಲ ಅಂತ ಗೊಣಗುತ್ತಾರೆ. ಒಂದು ಅಗ್ಗದ ವೆಬ್‌ಕ್ಯಾಮ್ ತಂದು ಕಾರ್ಡಿನ ಕಡೆ ತಿರುಗಿಸಿ, ಮಾನಿಟರ್‌ನಲ್ಲಿ ನೋಡಿ. ಕಾರ್ಡ್ ಬಿಳೀ ವಿಸಿಟಿಂಗ್ ಕಾರ್ಡ್ ಆದರೆ ಒಳ್ಳೆಯದು. ಅದರ ಬಿಳುಪಿಗೆ ಹಾಕಿರುವ ವಸ್ತು 400ಕ್ಕೆ ಚೆನ್ನಾಗಿ ಹೊಳೆಯುತ್ತದೆ.

ಲೇಸರ್ ಬೆಚ್ಚಗಾಗಲಿ. ಬೆಳಿಗ್ಗೆ ಬಂದು ಎಸಿ ಹಾಕಿ ತಕ್ಷಣ ಅಳೆಯಲು ಕೂತರೆ ನೀವು ಅಳೆಯುವುದು ಪಲ್ಸನ್ನಲ್ಲ, ರೂಮಿನ ಉಷ್ಣತೆಯನ್ನು.

ಎಲ್ಲಕ್ಕಿಂತ ಮೊದಲು 800ರ ಸ್ಪೆಕ್ಟ್ರಮ್ ತೆಗೆದು ಫೈಲ್ ಉಳಿಸಿ. ಇದನ್ನು ಮರೆತರೆ ಆಮೇಲೆ ಉತ್ತರವನ್ನು ಹೋಲಿಸಲು ಏನೂ ಇರುವುದಿಲ್ಲ. ಅದರ ಅಗಲದಿಂದಲೇ ಒಂದು ಲೆಕ್ಕ ಹಾಕಬಹುದು. ಗಾಸಿಯನ್ ಪಲ್ಸಿಗೆ ಸಮಯದ ಅಗಲ ಮತ್ತು ಆವೃತ್ತಿಯ ಅಗಲದ ಗುಣಲಬ್ಧ ಕಮ್ಮಿ ಅಂದರೆ 0.441. 35 ಫೆಮ್ಟೊಸೆಕೆಂಡಿಗೆ ಅದು 12.6 ಟೆರಾಹರ್ಟ್ಸ್, 800ರ ಹತ್ತಿರ ಸುಮಾರು 27 ನ್ಯಾನೋಮೀಟರ್. ನಿಮ್ಮ ಸ್ಪೆಕ್ಟ್ರಮ್ ನಯವಾದ ಒಂದೇ ಗುಡ್ಡ, ಅದರ ಅಗಲ ಬರೀ 18 ನ್ಯಾನೋಮೀಟರ್ ಅಂತಾದರೆ, ಪಲ್ಸನ್ನು ಕುಗ್ಗಿಸುವ ಕಂಪ್ರೆಸರ್ ಎಷ್ಟು ತಿರುಗಿಸಿದರೂ 35 ಬರುವುದಿಲ್ಲ. ಅವತ್ತಿನ ಕೆಲಸ ಫ್ರಾಗ್ ಅಲ್ಲ, ಆಂಪ್ಲಿಫೈಯರ್ ಒಳಗಿದೆ.

ಕಟ್ಟುವುದು

ಮುಖ್ಯ ಬೀಮಿನಿಂದ ಸ್ವಲ್ಪವೇ ತೆಗೆದುಕೊಳ್ಳಿ. ಕೋಟಿಂಗ್ ಇಲ್ಲದ ಗಾಜಿನ ವೆಡ್ಜಿನ ಮುಂದಿನ ಮುಖದಿಂದ ಸುಮಾರು 4 ಶೇಕಡ ವಾಪಸ್ ಬರುತ್ತದೆ. ಅದನ್ನು ಬಳಸಿ. ಬೆಳಕು ಕಮ್ಮಿ ಮಾಡಲು ದಪ್ಪ ಫಿಲ್ಟರ್ ಇಡಬೇಡಿ. ಫಿಲ್ಟರ್ ಕೂಡ ಗಾಜೇ, ಅದು ನಿಮ್ಮ ಪಲ್ಸನ್ನು ಹಿಗ್ಗಿಸುತ್ತದೆ. ಬೆಳಕಿನ ದಾರಿಯಲ್ಲಿ ಬೆಳ್ಳಿ ಲೇಪದ ಮಿರರ್ ಇರಲಿ. ಡ್ರಾಯರಿನಲ್ಲಿ ಸಿಕ್ಕ ಯಾವುದೋ ಡೈಎಲೆಕ್ಟ್ರಿಕ್ ಮಿರರ್ ಹಾಕಿದರೆ ಅದು ಫೇಸಿಗೆ ಏನು ಮಾಡುತ್ತದೆ ಅಂತ ಯಾರಿಗೂ ಗೊತ್ತಿರುವುದಿಲ್ಲ.

ಬೀಮನ್ನು ಎರಡು ಮಾಡುವ ಬೀಮ್ ಸ್ಪ್ಲಿಟರ್ ತೆಳ್ಳಗಿರಲಿ, 1 ಮಿಲಿಮೀಟರ್ ಅಥವಾ ಇನ್ನೂ ಕಮ್ಮಿ. ಎರಡೂ ಕೈಗಳಲ್ಲಿ, ಅಂದರೆ ಸ್ಪ್ಲಿಟರ್ ಆದಮೇಲಿನ ಎರಡು ದಾರಿಗಳಲ್ಲಿ, ಒಂದೇ ಅಳತೆಯ ಗಾಜು ಬರುವಂತೆ ಜೋಡಿಸಿ. ಒಂದು ಕೈಯಲ್ಲಿ ಜಾಸ್ತಿ, ಇನ್ನೊಂದರಲ್ಲಿ ಕಮ್ಮಿ ಆದರೆ ಎರಡು ಪ್ರತಿಗಳು ಒಂದೇ ರೀತಿ ಇರುವುದಿಲ್ಲ, ಇಡೀ ಲೆಕ್ಕದ ಬುಡವೇ ಅಲ್ಲಾಡುತ್ತದೆ. ಒಂದು ಕೈಯಲ್ಲಿ ಡಿಲೇ ಸ್ಟೇಜ್, ಅಂದರೆ ಮಿರರ್ ಸರಿಸಿ ತಡ ಮಾಡುವ ಸಾಧನ. ಸ್ಟೇಜ್ ಒಂದು ಮೈಕ್ರಾನ್ ಸರಿದರೆ ಬೆಳಕಿಗೆ ಎರಡು ಮೈಕ್ರಾನ್, ಅಂದರೆ 6.67 ಫೆಮ್ಟೊಸೆಕೆಂಡ್. 5 ಫೆಮ್ಟೊಸೆಕೆಂಡಿನ ಹೆಜ್ಜೆಗೆ ಸ್ಟೇಜ್ 0.75 ಮೈಕ್ರಾನ್ ಸರಿಯಬೇಕು. ಕೈಯಲ್ಲಿ ತಿರುಗಿಸುವ ಮೈಕ್ರೋಮೀಟರಿನಲ್ಲಿ ಇದು ಆಗುವ ಮಾತಲ್ಲ.

ಎರಡು ಬೀಮ್‌ಗಳು ಪಕ್ಕಪಕ್ಕ ಬಂದು ಒಂದೇ ಕಾನ್ಕೇವ್ ಮಿರರ್‌ನಿಂದ ಹರಳಿನ ಮೇಲೆ ಕೂಡಲಿ. ಲೆನ್ಸ್ ಬೇಡ, ಅದೂ ಗಾಜೇ. ಕೂಡುವ ಕೋನ ಕಮ್ಮಿ ಇರಲಿ. ಓರೆಯಾಗಿ ಕೂಡಿದಾಗ ಚುಕ್ಕೆಯ ಒಂದು ಅಂಚಿನಲ್ಲಿ ಒಂದು ತಡ, ಇನ್ನೊಂದು ಅಂಚಿನಲ್ಲಿ ಇನ್ನೊಂದು ತಡ ಇರುತ್ತದೆ. ಚುಕ್ಕೆಯ ಅಗಲ 100 ಮೈಕ್ರಾನ್, ಕೋನ 2 ಡಿಗ್ರಿ ಆದರೆ ಈ ವ್ಯತ್ಯಾಸ ಹೆಚ್ಚು ಕಮ್ಮಿ 12 ಫೆಮ್ಟೊಸೆಕೆಂಡ್. 100 ಫೆಮ್ಟೊಸೆಕೆಂಡಿನ ಪಲ್ಸಿಗೆ ಲೆಕ್ಕಕ್ಕಿಲ್ಲ, 35ಕ್ಕೆ ಇದೆ.

ಹರಳಿನ ವಿಚಾರಕ್ಕೆ ಬರೋಣ. ಬಳಸುವುದು ಬಿಬಿಒ (ಬೀಟಾ ಬೇರಿಯಮ್ ಬೋರೇಟ್), ಟೈಪ್ ಒಂದು, ಕತ್ತರಿಸಿದ ಕೋನ 29.2 ಡಿಗ್ರಿ. ದಪ್ಪ ಹರಳಿನಲ್ಲಿ ನೀಲಿ ಬೆಳಕು ಜಾಸ್ತಿ ಬರುತ್ತದೆ, ಆದರೆ 800 ಮತ್ತು 400ರ ವೇಗ ಬೇರೆ ಬೇರೆ. ಒಂದು ಮಿಲಿಮೀಟರ್ ಬಿಬಿಒನಲ್ಲಿ ಅವೆರಡೂ ಸುಮಾರು 190 ಫೆಮ್ಟೊಸೆಕೆಂಡಿನಷ್ಟು ಹಿಂದೆ ಮುಂದೆ ಆಗುತ್ತವೆ. ಇದರ ಪರಿಣಾಮ, ದಪ್ಪ ಹರಳು ಎಲ್ಲ ಬಣ್ಣಗಳನ್ನೂ ಸಮವಾಗಿ ಪರಿವರ್ತಿಸುವುದಿಲ್ಲ, ಅಂಚಿನ ಬಣ್ಣಗಳನ್ನು ತಿಂದುಹಾಕುತ್ತದೆ. ಟ್ರೇಸ್ ಆವೃತ್ತಿಯ ದಿಕ್ಕಿನಲ್ಲಿ ಕಿರಿದಾಗುತ್ತದೆ. 35 ಫೆಮ್ಟೊಸೆಕೆಂಡಿಗೆ 100 ಮೈಕ್ರಾನ್ ನಡೆಯುತ್ತದೆ, 50 ಇದ್ದರೆ ನೆಮ್ಮದಿ. 10 ಫೆಮ್ಟೊಸೆಕೆಂಡಿನ ಪಲ್ಸಿಗೆ ಇನ್ನೂ ತೆಳ್ಳಗೆ, 10 ಮೈಕ್ರಾನಿನ ಆಸುಪಾಸು ಬೇಕು. ಬಿಬಿಒ ತೇವ ಹೀರುತ್ತದೆ. ಮಳೆಗಾಲದಲ್ಲಿ ಅದನ್ನು ಮೇಜಿನ ಮೇಲೇ ಬಿಟ್ಟು ಮನೆಗೆ ಹೋಗುವವರನ್ನು ನಾನು ಬೈಯುತ್ತೇನೆ. ಸಿಲಿಕಾ ಜೆಲ್ ಇರುವ ಡಬ್ಬಿಗೆ ಹಾಕಿ ಹೋಗಿ.

ಸೊನ್ನೆ ಹುಡುಕುವುದು

ಹೊಸಬರು ಅತ್ತುಬಿಡುವ ಜಾಗ ಇದು. ಎರಡು ಪಲ್ಸ್ ಒಂದೇ ಹೊತ್ತಿಗೆ ಹರಳಿಗೆ ಬರುವ ಸ್ಟೇಜಿನ ಸ್ಥಾನ ಸಿಗಬೇಕು. ಅದರ ಅಗಲ ಏಳೆಂಟು ಮೈಕ್ರಾನ್, ಸ್ಟೇಜ್ ಓಡುವುದು ಕೆಲವು ಸೆಂಟಿಮೀಟರ್. ಸುಮ್ನೆ ಸ್ಟೇಜನ್ನು ಜೋರಾಗಿ ಓಡಿಸಿದರೆ ಸೊನ್ನೆ ಕಣ್ಣಮುಂದೆಯೇ ದಾಟಿಹೋಗುತ್ತದೆ.

ಮೊದಲು ಸ್ಕೇಲ್ ಹಿಡಿದು ಎರಡೂ ಕೈಗಳ ಉದ್ದ ಅಳೆಯಿರಿ. ಆಮೇಲೆ ಹರಳಿನ ಜಾಗದಲ್ಲಿ ಫಾಸ್ಟ್ ಫೋಟೊಡಯೋಡ್ ಇಟ್ಟು, ಒಂದೊಂದೇ ಕೈ ಮುಚ್ಚಿ, ಆಸಿಲೋಸ್ಕೋಪಿನಲ್ಲಿ ಗೆರೆ ಎಲ್ಲಿ ಏಳುತ್ತದೆ ಅಂತ ನೋಡಿ. 100 ಪಿಕೋಸೆಕೆಂಡ್ ಅಂದರೆ 3 ಸೆಂಟಿಮೀಟರ್. ಅಲ್ಲಿಗೆ ಹುಡುಕುವ ಜಾಗ ಒಂದೆರಡು ಸೆಂಟಿಮೀಟರಿಗೆ ಇಳಿಯುತ್ತದೆ. ಈಗ ತೆಳು ಹರಳು ಇಡಬೇಡಿ. 1 ಮಿಲಿಮೀಟರಿನ ಹಳೆಯ ಬಿಬಿಒ ಇದ್ದೇ ಇರುತ್ತದೆ, ಅದನ್ನು ಇಡಿ. ಕಾರ್ಡಿನ ಮೇಲೆ ಎರಡು ನೀಲಿ ಚುಕ್ಕೆ ಕಾಣುತ್ತವೆ, ಒಂದೊಂದು ಬೀಮ್ ತಾನೇ ಮಾಡಿಕೊಂಡದ್ದು. ಎರಡೂ ಸರಿಸುಮಾರು ಒಂದೇ ಹೊಳಪಿಗೆ ಬರುವಂತೆ ಹರಳನ್ನು ಓರೆ ಮಾಡಿ. ಎರಡು ಬೀಮ್ ಹರಳಿನ ಮೇಲೆ ಒಂದೇ ಜಾಗದಲ್ಲಿ ಬೀಳುತ್ತಿವೆ ಅಂತ ಕ್ಯಾಮೆರಾದಲ್ಲಿ ಖಚಿತ ಮಾಡಿಕೊಳ್ಳಿ. ಜಾಗ ತಪ್ಪಿದ್ದರೆ ಸಮಯ ಸರಿ ಇದ್ದರೂ ಏನೂ ಬರುವುದಿಲ್ಲ. ಈಗ ಸ್ಟೇಜನ್ನು ನಿಧಾನವಾಗಿ ಸರಿಸಿ. ಎರಡು ಚುಕ್ಕೆಗಳ ಮಧ್ಯೆ ಮೂರನೆಯದು ಮಿಂಚಿದರೆ ಅದೇ ಸೊನ್ನೆ. ಸ್ಥಾನ ಬರೆದುಕೊಂಡು, ತೆಳು ಹರಳಿಗೆ ಬದಲಾಯಿಸಿ, ಕೋನ ಮತ್ತೆ ಸರಿಮಾಡಿ.

ಮಧ್ಯದ ಚುಕ್ಕೆ ಮಾತ್ರ ಮುಂದೆ ಹೋಗುವಂತೆ ಒಂದು ಐರಿಸ್ (ಹಿಗ್ಗಿಸಿ ಕುಗ್ಗಿಸಬಹುದಾದ ಕಿಂಡಿ) ಇಡಿ. ಪಕ್ಕದ ಚುಕ್ಕೆಗಳ ಚದುರಿದ ಬೆಳಕು ಸ್ಪೆಕ್ಟ್ರೋಮೀಟರಿಗೆ ಹೋದರೆ ಟ್ರೇಸಿನಲ್ಲಿ ಸಣ್ಣ ಸಣ್ಣ ಪಟ್ಟಿಗಳು ಏಳುತ್ತವೆ.

ಶಕ್ತಿ ಎಷ್ಟಿರಬೇಕು? ಸ್ಪೆಕ್ಟ್ರೋಮೀಟರ್ ನೋಡುವಷ್ಟು, ಅದಕ್ಕಿಂತ ಜಾಸ್ತಿ ಬೇಡ. ಪರೀಕ್ಷೆ ಸುಲಭ. ಶಕ್ತಿಯನ್ನು ಅರ್ಧ ಮಾಡಿ. ಸಿಗ್ನಲ್ ನಾಲ್ಕನೇ ಒಂದು ಭಾಗಕ್ಕೆ ಇಳಿಯಬೇಕು, ಟ್ರೇಸಿನ ಆಕಾರ ಬದಲಾಗಬಾರದು. ಬದಲಾದರೆ ಹರಳಿನಲ್ಲೋ ದಾರಿಯಲ್ಲೋ ಪಲ್ಸ್ ತನ್ನ ಸ್ಪೆಕ್ಟ್ರಮ್ಮನ್ನು ತಾನೇ ಬದಲಿಸಿಕೊಳ್ಳುತ್ತಿದೆ ಅಂತ ಅರ್ಥ.

ಸ್ಪೆಕ್ಟ್ರೋಮೀಟರ್ ಮತ್ತು ಟ್ಯೂಬ್‌ಲೈಟ್

400ರ ಸುತ್ತ ಸ್ಪೆಕ್ಟ್ರೋಮೀಟರಿನ ತರಂಗಾಂತರ ಸರಿ ಇದೆಯಾ ಅಂತ ನೋಡಲು ಪಾದರಸದ ದೀಪ ಬೇಕು. 404.7 ಮತ್ತು 435.8 ನ್ಯಾನೋಮೀಟರ್‌ನಲ್ಲಿ ಅದಕ್ಕೆ ಚೂಪಾದ ಗೆರೆಗಳಿವೆ. ದೀಪ ಇಲ್ಲದಿದ್ದರೆ ಚಾವಣಿ ನೋಡಿ. ಹಳೇ ಕಾಲದ ಟ್ಯೂಬ್‌ಲೈಟ್ ಇದ್ದರೆ ಅದರೊಳಗೂ ಪಾದರಸವೇ, ಅವೇ ಗೆರೆಗಳು ಕಾಣುತ್ತವೆ. ನಮ್ಮಲ್ಲಿ ಎಲ್ಲ ಎಲ್‌ಇಡಿ ಆದಮೇಲೆ ಒಂದು ಹಳೆಯ ಟ್ಯೂಬನ್ನು ಇದಕ್ಕೆಂದೇ ಉಳಿಸಿಕೊಂಡಿದ್ದೇನೆ. ಸ್ಟೋರಿನವರು ಎರಡು ಸಲ ಎಸೆಯಲು ನೋಡಿದರು.

ಸ್ಕ್ಯಾನ್ ಮಾಡುವ ಮುಂಚೆ ಗ್ರಿಡ್, ಅಂದರೆ ಟ್ರೇಸಿನ ಬಿಂದುಗಳ ಚೌಕಟ್ಟು, ಯೋಚಿಸಿ. ಲೆಕ್ಕ ನಡೆಯುವುದು ಫೂರಿಯೆ ರೂಪಾಂತರದಲ್ಲಿ. ಅಲ್ಲಿ ಸಮಯದ ಹೆಜ್ಜೆಯನ್ನು ಆವೃತ್ತಿಯ ಹೆಜ್ಜೆಯಿಂದ ಗುಣಿಸಿದರೆ ಬಿಂದುಗಳ ಸಂಖ್ಯೆಯಿಂದ ಒಂದನ್ನು ಭಾಗಿಸಿದಷ್ಟು ಬರಬೇಕು. 128 ಬಿಂದು, 5 ಫೆಮ್ಟೊಸೆಕೆಂಡ್ ಹೆಜ್ಜೆ ಅಂದರೆ ಒಟ್ಟು 640 ಫೆಮ್ಟೊಸೆಕೆಂಡ್, ಆವೃತ್ತಿಯ ಹೆಜ್ಜೆ 1.56 ಟೆರಾಹರ್ಟ್ಸ್. 400ರ ಹತ್ತಿರ ಅದು 0.83 ನ್ಯಾನೋಮೀಟರ್. 35 ಫೆಮ್ಟೊಸೆಕೆಂಡಿನ ಒಳ್ಳೆಯ ಪಲ್ಸಿಗೆ ಟ್ರೇಸಿನ ಅರ್ಧ ಎತ್ತರದ ಅಗಲದಲ್ಲಿ ಎರಡೂ ದಿಕ್ಕಿಗೆ ಹತ್ತು ಹನ್ನೊಂದು ಬಿಂದು ಬೀಳುತ್ತವೆ. ಇದು ಚೆನ್ನಾದ ಸಮತೋಲನ. ಟ್ರೇಸ್ ನಾಲ್ಕೂ ಅಂಚುಗಳಲ್ಲಿ ಸೊನ್ನೆಗೆ ಇಳಿದಿರಬೇಕು. ಅಂಚಿನಲ್ಲಿ ಕತ್ತರಿಸಿದಂತೆ ಕಂಡರೆ ಗ್ರಿಡ್ ದೊಡ್ಡದು ಮಾಡಿ, 256ಕ್ಕೆ ಹೋಗಿ.

ಸ್ಪೆಕ್ಟ್ರೋಮೀಟರ್ ಎಲ್ಲೂ ಸ್ಯಾಚುರೇಟ್ ಆಗಬಾರದು. ಸ್ಕ್ಯಾನ್ ಮುಗಿದ ಮೇಲೆ ಒಂದೊಂದು ಕೈ ಮುಚ್ಚಿ ಹಿನ್ನೆಲೆ ತೆಗೆಯಿರಿ, ಎರಡೂ ಮುಚ್ಚಿ ಕತ್ತಲೆಯನ್ನೂ ತೆಗೆಯಿರಿ. ಇದಕ್ಕೆ ಸೋಮಾರಿತನ ಬೇಡ. ಟ್ರೇಸಿನ ಮೂಲೆಗಳಲ್ಲಿ ಉಳಿದ ಸಣ್ಣ ಹಿನ್ನೆಲೆಯನ್ನು ಲೆಕ್ಕವು ನಿಜವಾದ ಸಿಗ್ನಲ್ ಅಂತಲೇ ತಿಳಿಯುತ್ತದೆ. ಅದಕ್ಕೆ ಸರಿಹೊಂದುವ ಇಲ್ಲದ ರೆಕ್ಕೆಗಳನ್ನು ಪಲ್ಸಿಗೆ ಅಂಟಿಸುತ್ತದೆ.

ಕಂಪ್ಯೂಟರಿನ ಮುಂದೆ

ಹಿನ್ನೆಲೆ ಕಳೆಯಿರಿ. ತರಂಗಾಂತರದಿಂದ ಆವೃತ್ತಿಗೆ ಬದಲಾಯಿಸುವಾಗ ತೀವ್ರತೆಯನ್ನು ತರಂಗಾಂತರದ ವರ್ಗದಿಂದ ಗುಣಿಸಬೇಕು. ಬಿಂದುಗಳ ನಡುವಿನ ಅಂತರ ಸಮ ಇರದ ಕಾರಣ ಈ ತಿದ್ದುಪಡಿ. ಆಮೇಲೆ ಗ್ರಿಡ್ಡಿಗೆ ಹೊಂದಿಸಿ. ಎಸ್‌ಎಚ್‌ಜಿ ಟ್ರೇಸ್ ಸೊನ್ನೆಯ ಎರಡೂ ಬದಿಗೆ ಒಂದೇ ರೀತಿ ಇರಬೇಕು. ಎರಡು ಪ್ರತಿಗಳಲ್ಲಿ ಯಾವುದು ಮೊದಲು ಬಂದರೂ ಒಂದೇ ಅಲ್ವಾ? ಕೆಲವು ಸಾಫ್ಟ್‌ವೇರ್‌ಗಳಲ್ಲಿ ಎರಡು ಬದಿಗಳನ್ನು ಸರಾಸರಿ ಮಾಡಿ ಸಮ ಮಾಡುವ ಬಟನ್ ಇರುತ್ತದೆ. ಅದನ್ನು ಒತ್ತುವ ಮುಂಚೆ ಎಡ ಬಲ ಎಷ್ಟು ಬೇರೆ ಇವೆ ಅಂತ ಕಣ್ಣಾರೆ ನೋಡಿ. ಜಾಸ್ತಿ ವ್ಯತ್ಯಾಸ ಇದ್ದರೆ ಅಲೈನ್‌ಮೆಂಟ್ ಕೆಟ್ಟಿದೆ. ಬಟನ್ ಒತ್ತಿದರೆ ಚಿತ್ರ ಚೆಂದ ಆಗುತ್ತದೆ, ಅಲೈನ್‌ಮೆಂಟ್ ಸರಿಹೋಗುವುದಿಲ್ಲ.

ಫೇಸ್ ತೆಗೆಯುವ ಲೆಕ್ಕ ಎರಡು ಷರತ್ತುಗಳ ನಡುವೆ ಓಡಾಡುತ್ತದೆ. ಒಂದು, ಟ್ರೇಸ್ ನೀವು ಅಳೆದದ್ದಕ್ಕೆ ಹೊಂದಬೇಕು. ಇನ್ನೊಂದು, ಅದು ಒಂದು ಪಲ್ಸ್ ಮತ್ತು ಅದರ ತಡವಾದ ಪ್ರತಿಯ ಗುಣಲಬ್ಧದಿಂದ ಬಂದಿರಬೇಕು. ಊಹೆಯ ಪಲ್ಸಿನಿಂದ ಶುರುಮಾಡಿ ಎರಡೂ ತೃಪ್ತಿಯಾಗುವವರೆಗೆ ಸುತ್ತುತ್ತದೆ. ಉಚಿತವಾಗಿ ಸಿಗುವ ಕೋಡ್‌ಗಳಿವೆ, ನೀವೇ ಬರೆದರೂ ದೊಡ್ಡ ಕೆಲಸವಲ್ಲ. ಒಂದೇ ಊಹೆಯಿಂದ ಬಂದ ಉತ್ತರ ಸಾಲದು. ಮನಸ್ಸಿಗೆ ಬಂದ ಬೇರೆ ಬೇರೆ ಊಹೆಗಳಿಂದ ಶುರುಮಾಡಿ, ಎಲ್ಲವೂ ಅದೇ ಜಾಗಕ್ಕೆ ಬರುತ್ತವಾ ನೋಡಿ.

ಕೊನೆಗೆ ಒಂದು ದೋಷದ ಸಂಖ್ಯೆ ಕೊಡುತ್ತದೆ, ಅಳೆದ ಟ್ರೇಸಿಗೂ ಲೆಕ್ಕದ ಟ್ರೇಸಿಗೂ ಇರುವ ಸರಾಸರಿ ವ್ಯತ್ಯಾಸ. 128ರ ಗ್ರಿಡ್ಡಿನಲ್ಲಿ ಅರ್ಧ ಶೇಕಡಕ್ಕಿಂತ ಕಮ್ಮಿ ಬಂದರೆ ನನಗೆ ಸಮಾಧಾನ, ಒಂದು ಶೇಕಡ ದಾಟಿದರೆ ಅನುಮಾನ. ಆದರೆ ಇದರಲ್ಲೂ ಒಂದು ಆಟ ಇದೆ. ಗ್ರಿಡ್ಡಿನಲ್ಲಿ ಖಾಲಿ ಜಾಗ ಜಾಸ್ತಿ ಇದ್ದಷ್ಟೂ ಸರಾಸರಿ ತಾನಾಗಿಯೇ ಕಮ್ಮಿ ಆಗುತ್ತದೆ. ಹಾಗಾಗಿ ಸಂಖ್ಯೆ ಹೇಳುವಾಗ ಗ್ರಿಡ್ ಹೇಳಿ, ಎರಡು ಟ್ರೇಸ್‌ಗಳನ್ನೂ ಪಕ್ಕಪಕ್ಕ ಇಟ್ಟು ತೋರಿಸಿ.

ಈಗ ಪರೀಕ್ಷೆಗಳು

ಮೊದಲನೆಯದು ಟ್ರೇಸಿನೊಳಗೇ ಇದೆ. ಟ್ರೇಸನ್ನು ಆವೃತ್ತಿಯ ಉದ್ದಕ್ಕೂ ಕೂಡಿದರೆ ಆಟೊಕೋರಿಲೇಶನ್ ಬರಬೇಕು. ತಡದ ಉದ್ದಕ್ಕೂ ಕೂಡಿದರೆ, ನೀವು ಶುರುವಿನಲ್ಲಿ ಉಳಿಸಿಟ್ಟ 800ರ ಸ್ಪೆಕ್ಟ್ರಮ್ಮನ್ನು ಅದರೊಂದಿಗೇ ಕನ್ವಲ್ಯೂಶನ್ ಮಾಡಿದ ಆಕಾರ ಬರಬೇಕು. ಇವನ್ನು ಮಾರ್ಜಿನಲ್ ಅನ್ನುತ್ತಾರೆ. ಇವುಗಳಲ್ಲಿ ತಡದ ಉದ್ದಕ್ಕೂ ಕೂಡುವ ಮಾರ್ಜಿನಲ್ ನನ್ನ ಪ್ರೀತಿಯ ಪರೀಕ್ಷೆ. ಹರಳು ದಪ್ಪ ಆಗಿದ್ದರೆ, ಅದರ ಕೋನ ತಪ್ಪಿದ್ದರೆ, ಸ್ಪೆಕ್ಟ್ರೋಮೀಟರ್ ಒಂದು ಕಡೆ ಕುರುಡಾಗಿದ್ದರೆ, ಎಲ್ಲವೂ ಇಲ್ಲಿ ಸಿಕ್ಕಿಬೀಳುತ್ತವೆ. ಕಂಪ್ಯೂಟರ್ ಫೇಸ್ ತೆಗೆಯುವ ಮುಂಚೆಯೇ ಇದನ್ನು ಮಾಡಬಹುದು, ಐದು ನಿಮಿಷದ ಕೆಲಸ. ಹಾಗೇ, ಉತ್ತರವಾಗಿ ಬಂದ ಸ್ಪೆಕ್ಟ್ರಮ್ ನೀವು ನೇರವಾಗಿ ಅಳೆದ ಸ್ಪೆಕ್ಟ್ರಮ್‌ಗೆ ಹೊಂದಬೇಕು.

ಎರಡನೇ ಪರೀಕ್ಷೆ ಗಾಜಿನ ತುಂಡು. 10 ಮಿಲಿಮೀಟರಿನ ಫ್ಯೂಸ್ಡ್ ಸಿಲಿಕಾ ತೆಗೆದುಕೊಳ್ಳಿ. 800 ನ್ಯಾನೋಮೀಟರಿನಲ್ಲಿ ಅದು ಪ್ರತಿ ಮಿಲಿಮೀಟರಿಗೆ ಸುಮಾರು 36 ಚದರ ಫೆಮ್ಟೊಸೆಕೆಂಡ್ ಡಿಸ್ಪರ್ಶನ್ (ಬಣ್ಣಗಳು ಹಿಂದೆ ಮುಂದೆ ಆಗುವ ಅಳತೆ) ಸೇರಿಸುತ್ತದೆ, ಒಟ್ಟು 360. ಗಾಜಿಲ್ಲದೆ ಒಂದು ಸಲ, ಸ್ಪ್ಲಿಟರಿಗೆ ಮೊದಲು ಗಾಜು ಇಟ್ಟು ಒಂದು ಸಲ ಅಳೆಯಿರಿ. ಎರಡು ಫೇಸ್‌ಗಳ ವ್ಯತ್ಯಾಸಕ್ಕೆ ಪ್ಯಾರಾಬೊಲಾ ಹೊಂದಿಸಿ, ಅದೂ ಸ್ಪೆಕ್ಟ್ರಮ್ ಚೆನ್ನಾಗಿರುವ ಭಾಗದಲ್ಲಿ ಮಾತ್ರ. 360ರ ಹತ್ತಿರ ಬಂದರೆ ನಿಮ್ಮ ಫ್ರಾಗ್ ಕೆಲಸ ಮಾಡುತ್ತಿದೆ. 35 ಫೆಮ್ಟೊಸೆಕೆಂಡಿನ ಚಿರ್ಪ್ ಇಲ್ಲದ ಗಾಸಿಯನ್ ಪಲ್ಸ್ ಈ ಗಾಜಿನಲ್ಲಿ ಸುಮಾರು 45ಕ್ಕೆ ಹಿಗ್ಗಬೇಕು.

ಈ ಗಾಜು ಇನ್ನೊಂದು ಉಪಕಾರ ಮಾಡುತ್ತದೆ. ಎಸ್‌ಎಚ್‌ಜಿ ಫ್ರಾಗ್‌ಗೆ ಸಮಯದ ದಿಕ್ಕು ಗೊತ್ತಿಲ್ಲ. ಟ್ರೇಸ್ ಎರಡೂ ಬದಿ ಒಂದೇ ಇರುವುದರಿಂದ ಪಲ್ಸನ್ನು ಹಿಂದುಮುಂದು ಮಾಡಿದರೂ ಅದೇ ಟ್ರೇಸ್. ಪಾಸಿಟಿವ್ ಚಿರ್ಪೋ ನೆಗೆಟಿವ್ ಚಿರ್ಪೋ, ಸಣ್ಣ ಪಲ್ಸ್ ಮುಂದೆ ಇದೆಯೋ ಹಿಂದೆ ಇದೆಯೋ, ಅದು ಹೇಳುವುದಿಲ್ಲ. 800ರಲ್ಲಿ ಗಾಜು ಸೇರಿಸುವುದು ಯಾವಾಗಲೂ ಪಾಸಿಟಿವ್. ಎರಡು ಅಳತೆಗಳ ನಡುವೆ ವ್ಯತ್ಯಾಸ ಪಾಸಿಟಿವ್ 360 ಬರುವಂತೆ ದಿಕ್ಕುಗಳನ್ನು ಆರಿಸಿ.

ಇಲ್ಲಿ ಒಂದು ಬಲೆ ಇದೆ, ಅದನ್ನು ಪುಸ್ತಕಗಳು ಬೇಗ ದಾಟಿಬಿಡುತ್ತವೆ. ಗಾಜು ಇಟ್ಟರೂ ಅಗಲ ಬದಲಾಗಲಿಲ್ಲ ಅಂತ ಒಮ್ಮೊಮ್ಮೆ ಹುಡುಗರು ಬರುತ್ತಾರೆ. ಮೊದಲೂ 38, ಆಮೇಲೂ 38, ಟ್ರೇಸ್ ಕೂಡ ಅದೇ. ಫ್ರಾಗ್ ಕೆಟ್ಟಿದೆ ಅಂತ ಅವರ ತೀರ್ಮಾನ. ಅದು ಕೆಟ್ಟಿಲ್ಲ. ಗಾಜಿಲ್ಲದ ಪಲ್ಸಿನಲ್ಲಿ ನೆಗೆಟಿವ್ 180 ಇತ್ತು. ಗಾಜು 360 ಸೇರಿಸಿತು, ಪಾಸಿಟಿವ್ 180 ಆಯಿತು. ಪ್ರಮಾಣ ಒಂದೇ ಆದ್ದರಿಂದ ಅಗಲ ಒಂದೇ, ದಿಕ್ಕು ಕಾಣದ ಟ್ರೇಸ್ ಕೂಡ ಒಂದೇ. ಇಂಥ ಹೊತ್ತಿನಲ್ಲಿ 5 ಮಿಲಿಮೀಟರಿನ ಗಾಜು ಇಟ್ಟು ನೋಡಿ. ಡಿಸ್ಪರ್ಶನ್ ಸೊನ್ನೆಗೆ ಬಂದು ಪಲ್ಸ್ 35ಕ್ಕೆ ಇಳಿಯುತ್ತದೆ. ಅದಕ್ಕೇ ನನ್ನ ಡ್ರಾಯರಿನಲ್ಲಿ ಬೇರೆ ಬೇರೆ ದಪ್ಪದ ತುಂಡುಗಳಿವೆ.

ಮೂರನೆಯದು ಲೇಸರ್‌ನ ಸ್ಥಿರತೆ. ನೀವು ತೆಗೆದ ಟ್ರೇಸ್ ಸಾವಿರಾರು ಪಲ್ಸ್‌ಗಳ ಸರಾಸರಿ. ಪಲ್ಸಿನಿಂದ ಪಲ್ಸಿಗೆ ಆಕಾರ ಬದಲಾಗುತ್ತಿದ್ದರೆ ಆಟೊಕೋರಿಲೇಶನ್ನಿನಲ್ಲಿ ಅಗಲವಾದ ಬುಡದ ಮೇಲೆ ಚೂಪಾದ ಮುಳ್ಳು ಕಾಣುತ್ತದೆ. ಆ ಮುಳ್ಳನ್ನೇ ಪಲ್ಸಿನ ಅಗಲ ಅಂತ ಓದುವವರಿದ್ದಾರೆ. ಅದು ಪಲ್ಸ್ ಅಲ್ಲ, ಕೊಹೆರೆಂಟ್ ಆರ್ಟಿಫ್ಯಾಕ್ಟ್. ಫ್ರಾಗ್‌ನ ಒಳ್ಳೆಯ ಗುಣ ಅಂದರೆ ಇಂಥ ಟ್ರೇಸ್ ಯಾವ ಒಂದು ಪಲ್ಸಿಗೂ ಸರಿಯಾಗಿ ಹೊಂದುವುದಿಲ್ಲ, ದೋಷ ಇಳಿಯದೆ ಹಟ ಹಿಡಿಯುತ್ತದೆ. ಅಲೈನ್‌ಮೆಂಟ್, ಹಿನ್ನೆಲೆ, ಮಾರ್ಜಿನಲ್ ಎಲ್ಲ ಸರಿ ಇದ್ದೂ ದೋಷ ಇಳಿಯದಿದ್ದರೆ ಕೋಡನ್ನು ಬೈಯಬೇಡಿ, ಲೇಸರ್ ಕಡೆ ತಿರುಗಿ.

ಉತ್ತರ ಓದುವುದು

ಸ್ಪೆಕ್ಟ್ರಮ್ಮಿನ ಮೇಲೆ ಫೇಸ್ ಪ್ಯಾರಾಬೊಲಾ ಆಗಿದ್ದರೆ ಕಂಪ್ರೆಸರ್‌ನ ಗ್ರೇಟಿಂಗ್‌ಗಳ ದೂರವನ್ನು ಸ್ವಲ್ಪ ಸರಿಸಿ, ಮುಗಿಯಿತು. ಫೇಸ್ ಎಸ್ ಆಕಾರದಲ್ಲಿ ಬಾಗಿದ್ದರೆ ಮೂರನೇ ದರ್ಜೆಯ ಡಿಸ್ಪರ್ಶನ್. ಮುಖ್ಯ ಪಲ್ಸಿನ ಒಂದೇ ಬದಿಗೆ ಸಣ್ಣ ಸಣ್ಣ ಅಲೆಗಳಂತೆ ಉಪಪಲ್ಸ್‌ಗಳು ಕಾಣುತ್ತವೆ. ಅದಕ್ಕೆ ಗ್ರೇಟಿಂಗ್‌ನ ಕೋನ ಮತ್ತು ದೂರ ಎರಡನ್ನೂ ಒಟ್ಟಿಗೆ ಆಡಿಸಬೇಕು, ತಾಳ್ಮೆ ಬೇಕು. ತೀವ್ರತೆ ಇಲ್ಲದ ಜಾಗದಲ್ಲಿ ಫೇಸ್ ಹುಚ್ಚಾಪಟ್ಟೆ ಕುಣಿಯುತ್ತದೆ. ಅದಕ್ಕೆ ಅರ್ಥವಿಲ್ಲ, ಗ್ರಾಫಿನಲ್ಲಿ ಆ ಭಾಗ ತೋರಿಸಲೇಬೇಡಿ.

ಪಲ್ಸನ್ನು ಪ್ರಯೋಗ ನಡೆಯುವ ಜಾಗದಲ್ಲಿ ಅಳೆಯಿರಿ, ಲೇಸರ್‌ನ ಬಾಯಲ್ಲಿ ಅಲ್ಲ. 5 ಮೀಟರ್ ಗಾಳಿಯೇ ಸುಮಾರು 100 ಚದರ ಫೆಮ್ಟೊಸೆಕೆಂಡ್ ಸೇರಿಸುತ್ತದೆ. ನಿರ್ವಾತ ಕೋಣೆಯ ಕಿಟಕಿ ಬಿಕೆ7 ಗಾಜಿನದಾದರೆ ಪ್ರತಿ ಮಿಲಿಮೀಟರಿಗೆ ಇನ್ನೂ 45. ಕೋಣೆಯೊಳಗೆ ಫ್ರಾಗ್ ಇಡಲು ಆಗದಿದ್ದರೆ ಅದೇ ದಪ್ಪದ ಅದೇ ಗಾಜನ್ನು ಫ್ರಾಗ್‌ನ ಮುಂದೆ ಇಟ್ಟು ಅಳೆಯಿರಿ.

ದಿನಾ ಅಳೆಯುವವರಿಗೆ ಇಷ್ಟೆಲ್ಲ ಕಟ್ಟುವುದು ಬೇಜಾರು. 2001ರಲ್ಲಿ ಟ್ರೆಬಿನೊ ಅವರ ಗುಂಪು ಗ್ರೆನುಯ್ ಅನ್ನುವ ಸರಳ ರೂಪ ತಂದಿತು. ಸ್ಪ್ಲಿಟರ್ ಮತ್ತು ಸ್ಟೇಜ್ ಬದಲು ಒಂದು ಬೈಪ್ರಿಸಮ್, ತೆಳು ಹರಳು ಮತ್ತು ಸ್ಪೆಕ್ಟ್ರೋಮೀಟರ್ ಬದಲು ಒಂದೇ ದಪ್ಪ ಹರಳು. ಸೊನ್ನೆ ಹುಡುಕುವ ತಲೆನೋವಿಲ್ಲ. ಬೀಮಿನ ಅಡ್ಡಕ್ಕೆ ಬಣ್ಣ ಬದಲಾಗುತ್ತಿದ್ದರೆ ಟ್ರೇಸ್ ಓರೆಯಾಗುತ್ತದೆ, ಪಲ್ಸಿನ ಮುಖ ಓರೆಯಾಗಿದ್ದರೆ ಟ್ರೇಸ್ ಮಧ್ಯದಿಂದ ಸರಿಯುತ್ತದೆ. ಕಂಪ್ರೆಸರ್‌ನ ಗ್ರೇಟಿಂಗ್‌ಗಳು ಸಮಾನಾಂತರ ಇಲ್ಲ ಅಂತ ಹಿಡಿಯಲು ಇದಕ್ಕಿಂತ ಬೇಗನೆಯ ದಾರಿ ನನಗೆ ಗೊತ್ತಿಲ್ಲ. ಆದರೆ 10 ಫೆಮ್ಟೊಸೆಕೆಂಡಿನ ಪಲ್ಸಿಗೆ ದಪ್ಪ ಹರಳು ನಡೆಯುವುದಿಲ್ಲ. ಅಂಥ ಕೆಲವೇ ಆವರ್ತಗಳ ಪಲ್ಸಿಗೆ ಡಿ-ಸ್ಕ್ಯಾನ್ ಚೆನ್ನ. ಗಾಜಿನ ವೆಡ್ಜ್ ಒಳಗೆ ಹೊರಗೆ ಮಾಡುತ್ತಾ ಎರಡನೇ ಹಾರ್ಮೋನಿಕ್‌ನ ಸ್ಪೆಕ್ಟ್ರಮ್ ನೋಡಿದರೆ ಸಾಕು. 1998ರ ಸ್ಪೈಡರ್ ಇನ್ನೊಂದು ದಾರಿ, ಲೆಕ್ಕ ನೇರ ಮತ್ತು ಬೇಗ. ಆದರೆ ಅಸ್ಥಿರ ಲೇಸರ್ ಮುಂದೆ ಅದು ಆರ್ಟಿಫ್ಯಾಕ್ಟನ್ನೇ ಪಲ್ಸ್ ಅಂತ ಕೊಟ್ಟುಬಿಡಬಹುದು. ಅದಕ್ಕೇ ನಾನು ಅದರ ಪಕ್ಕದಲ್ಲಿ ಒಂದು ಆಟೊಕೋರಿಲೇಶನ್ ಕೇಳುತ್ತೇನೆ.

ಫೈಲ್ ಉಳಿಸುವಾಗ ತಿದ್ದದ ಮೂಲ ಟ್ರೇಸ್, ಮೂರು ಹಿನ್ನೆಲೆಗಳು, 800ರ ಸ್ಪೆಕ್ಟ್ರಮ್, ಗಾಜಿನ ಜೊತೆಗಿನ ಟ್ರೇಸ್, ಎಲ್ಲವೂ ಒಂದೇ ಫೋಲ್ಡರಿನಲ್ಲಿರಲಿ. ಪುಸ್ತಕದಲ್ಲಿ ಹರಳಿನ ದಪ್ಪ, ಸ್ಟೇಜಿನ ಹೆಜ್ಜೆ, ಗ್ರಿಡ್, ದೋಷ, ಕಂಪ್ರೆಸರ್‌ನ ಸ್ಥಾನ ಬರೆಯಿರಿ. ಅಗಲದ ಸಂಖ್ಯೆಯನ್ನು ಇವೆಲ್ಲದರ ಕೆಳಗೆ ಬರೆದರೆ ಸಾಕು.